ಗಣಕಯಂತ್ರದ ಆರಂಭಕ್ಕೆ ಪೆನ್‌ಡ್ರೈವಿನ ಅಡ್ಡಿ

ಹಿಂದೆ ನಮ್ಮ ಶಾಲೆಯ ಸಂಚಿಕೆಯ ಲೇಖನಗಳನ್ನು ಕಾಗದದ ಮೇಲೆ ಬರೆದು, ಕೈಚೀಲದಲ್ಲಿಟ್ಟುಕೊಂಡು, ಹರಿಹರದಿಂದ ದಾವಣಗೆರೆಯ ಮುದ್ರಣಾಲಯಕ್ಕೆ ಬಸ್ಸಿನಲ್ಲಿ ಒಯ್ಯುತ್ತಿದ್ದೆವು. ಈಗ ಆ ಹಸ್ತಪ್ರತಿಯ ಸ್ಥಾನಕ್ಕೆ ಹೆಬ್ಬೆರಳಿನಷ್ಟು ಗಾತ್ರದ ಪೆನ್‌ಡ್ರೈವು ಬಂದಿದೆ. ‘ನುಡಿ’ಯಲ್ಲಿಯೋ ‘ಬರಹ’ದಲ್ಲಿಯೋ ಬೆರಳಚ್ಚು ಮಾಡಿದ ಇಡೀ ಸಂಪುಟವು ಅದರೊಳಗೆ ಅಡಗಿ ಜೇಬಿನಲ್ಲಿ ಪ್ರಯಾಣ ಮಾಡುತ್ತದೆ. ಇಷ್ಟು ಉಪಕಾರಿಯಾದ ಈ ವಸ್ತುವು ಗಣಕಯಂತ್ರವನ್ನು ಏಳದಂತೆ ತಡೆಯಲೂ ಬಲ್ಲದೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಒಂದು ದಿನ ಬೆಳಿಗ್ಗೆ ಕಛೇರಿಯ ಯಂತ್ರದ ಗುಂಡಿಯನ್ನು ಒತ್ತಿದಾಗ ಕಪ್ಪು ಪರದೆಯ ಮೇಲೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂಬ ಒಂದು ಬಿಳಿಯ ಸಾಲು ಮೂಡಿ ನಿಂತಿತು. ಆರಿಸಿ ಹೊತ್ತಿಸಿದರೂ ಅದೇ ಸಾಲು. ದುರಸ್ತಿ ಮಾಡುವವರೊಬ್ಬರಿಗೆ ದೂರವಾಣಿಯಲ್ಲಿ ತಿಳಿಸಲಾಗಿ, “ವಿಂಡೋಸ್ ಹೋಗಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು, ಸಿಪಿಯು ತಗೊಂಡು ಬರ್ರಿ” ಎಂದರು. ಆ ಯಂತ್ರದಲ್ಲಿ ನಾನು ಹತ್ತು ವರ್ಷಗಳಿಂದ ಕೂಡಿಸಿದ ಹಳಗನ್ನಡ ಪಾಠಗಳ ಟಿಪ್ಪಣಿಗಳಿದ್ದುವು. ಎರಡನೆಯ ಪ್ರತಿ ಎಲ್ಲಿಯೂ ಇರಲಿಲ್ಲ. ಬೇರೆ ದಾರಿ ಕಾಣದೆ, ಪೆಟ್ಟಿಗೆಯನ್ನು ಬಸ್ಸಿಗೆ ಒಯ್ಯಲೆಂದು ಹಿಂಬದಿಯ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಿರುವಾಗ ಅವುಗಳ ನಡುವೆ ಸಿಕ್ಕಿಕೊಂಡಿದ್ದ ಪೆನ್‌ಡ್ರೈವೊಂದು ಕೈಗೆ ತಗುಲಿತು. ಹಿಂದಿನ ಸಂಜೆ ಮುದ್ರಣಾಲಯದಿಂದ ಬಂದ ಕರಡಚ್ಚುಗಳಿದ್ದ ಪೆನ್‌ಡ್ರೈವದು. ಕುತೂಹಲಕ್ಕೆಂದು ಅದನ್ನು ತೆಗೆದಿಟ್ಟು, ತಂತಿಗಳನ್ನು ಮತ್ತೆ ಜೋಡಿಸಿ ಗುಂಡಿಯನ್ನು ಒತ್ತಿದೆನು. ಯಂತ್ರವು ಏನೂ ಆಗದಿದ್ದಂತೆ ಎದ್ದಿತು.

ಇದಕ್ಕೆ ಕಾರಣವೇನೆಂದು ವಿದ್ಯಾರ್ಥಿಗಳು ವಿಚಾರಿಸಬೇಕು. ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಗಣಕಕ್ಕೆ ವಿಂಡೋಸ್ ಎಂಬುದೊಂದು ಇದೆಯೆಂಬ ಅರಿವೇ ಇರುವುದಿಲ್ಲ. ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಶಾಶ್ವತವಾಗಿ ನೆಲೆಗೊಂಡಿರುವ ಸಣ್ಣ ಕ್ರಮವಿಧಿಯು ಮೊದಲು ಎಚ್ಚರಗೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ ಹೊಸತರಲ್ಲಿ ಯುಇಎಫ್ಐ ಎಂದೂ ಹೆಸರು. ಇದು ಸ್ಮೃತಿಕೋಶ, ಕೀಲಿಮಣೆ ಮೊದಲಾದುವನ್ನು ಪರೀಕ್ಷಿಸಿ, ಬಳಿಕ ತನ್ನ ಪಟ್ಟಿಯಲ್ಲಿರುವ ಅನುಕ್ರಮದಂತೆ ಒಂದೊಂದು ಸಾಧನದ ಬಾಗಿಲನ್ನು ತಟ್ಟುತ್ತದೆ. ಈ ಕ್ರಿಯೆಗೆ ‘ಬೂಟ್’ ಎಂದು ಹೆಸರು. ತನ್ನ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದೆಂಬ ಇಂಗ್ಲಿಷ್ ನುಡಿಗಟ್ಟಿನಿಂದ ಬಂದ ಶಬ್ದ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಗಣಕದ ಕೊಠಡಿಯನ್ನು ಪ್ರವೇಶಿಸುವ ನಮ್ಮ ಮಕ್ಕಳಿಗೆ ಈ ಶಬ್ದ ವಿನೋದವಾಗಿ ತೋರೀತು.

ಹಳೆಯ ಬಯಾಸ್ ಪ್ರತಿಯೊಂದು ಸಾಧನದ ಮೊದಲ 512 ಬೈಟುಗಳನ್ನು ಮಾತ್ರ ಓದುತ್ತದೆ. ಅವುಗಳ ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಒಂದು ಗುರುತು ಇದ್ದರೆ, ಒಳಗೆ ಏನಿದೆಯೆಂದು ವಿಮರ್ಶಿಸದೆ, ಅಧಿಕಾರವನ್ನು ಅಲ್ಲಿಗೆ ಒಪ್ಪಿಸಿಬಿಡುತ್ತದೆ. ಸಾಮಾನ್ಯ ಪೆನ್‌ಡ್ರೈವಿನಲ್ಲಿಯೂ ಆ ಗುರುತು ಇರುತ್ತದೆ. ಆದರೆ ಯಂತ್ರವನ್ನು ನಡೆಸುವ ವ್ಯವಸ್ಥೆ ಇರುವುದಿಲ್ಲ. ಆದ್ದರಿಂದ ದೋಷಸೂಚನೆಯೊಂದು ಮೂಡುತ್ತದೆ, ಇಲ್ಲವೆ ಪರದೆಯ ಎಡತುದಿಯಲ್ಲಿ ಒಂದು ಗೆರೆ ಮಿನುಗುತ್ತ ನಿಲ್ಲುತ್ತದೆ. ಪಕ್ಕದಲ್ಲಿಯೇ ಹಾರ್ಡ್ ಡಿಸ್ಕು ಸುಸ್ಥಿತಿಯಲ್ಲಿದ್ದರೂ ಅದರ ಸರದಿ ಬರುವುದೇ ಇಲ್ಲ. ಯುಇಎಫ್ಐ ಯಂತ್ರಗಳು ಗೊತ್ತಾದ ಹೆಸರಿನ ಕಡತವನ್ನು ಹುಡುಕಿ, ಇಲ್ಲದಿದ್ದರೆ ಸಾಮಾನ್ಯವಾಗಿ ಮುಂದಕ್ಕೆ ಹೋಗುತ್ತವೆ. ಆದರೂ ಕೆಟ್ಟ ಪೆನ್‌ಡ್ರೈವು ಎದುರಾದಲ್ಲಿ ಕಂಪನಿಯ ಚಿಹ್ನೆಯ ಪರದೆಯಲ್ಲಿಯೇ ಸ್ತಬ್ಧವಾಗುವುದುಂಟು.

ಈ ತೊಡಕು ಹೊಸತೇನಲ್ಲ. 1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿ ಯಂತ್ರವೂ ಮೊದಲು ಫ್ಲಾಪಿಯನ್ನು, ಆಮೇಲೆ ಹಾರ್ಡ್ ಡಿಸ್ಕನ್ನು ನೋಡುತ್ತಿತ್ತು. ಮರೆತು ಬಿಟ್ಟ ಫ್ಲಾಪಿಯ ಮೊದಲ ಭಾಗದಲ್ಲಿ ಕುಳಿತು ಹರಡುವ ಉಪಾಯವನ್ನು ವೈರಸ್ಸುಗಳು ಕಂಡುಕೊಂಡವು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ರಚಿಸಿದ ‘ಬ್ರೈನ್’ ಈ ಜಾತಿಯದು. ಪರಿಚಯವಿಲ್ಲದ ಪೆನ್‌ಡ್ರೈವನ್ನು ಸಿಕ್ಕಿಸಿಟ್ಟು ಯಂತ್ರವನ್ನು ಹೊತ್ತಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ಇನ್ನು ಪರಿಹಾರಕ್ಕೆ ಬರೋಣ. ಯಂತ್ರವನ್ನು ಪೂರ್ಣವಾಗಿ ಆರಿಸಿ, ಕೀಲಿಮಣೆ ಮತ್ತು ಮೌಸುಗಳನ್ನು ಬಿಟ್ಟು ಯುಎಸ್‌ಬಿ ಕಿಂಡಿಗಳಲ್ಲಿರುವ ಎಲ್ಲವನ್ನೂ ತೆಗೆಯಬೇಕು: ಪೆನ್‌ಡ್ರೈವು, ಹೊರಗಿನ ಹಾರ್ಡ್ ಡಿಸ್ಕು, ಮುದ್ರಕದ ತಂತಿ, ಮೊಬೈಲಿನ ತಂತಿ. ಪೆಟ್ಟಿಗೆಯ ಹಿಂಬದಿಯನ್ನು ಕಣ್ಣಿನಿಂದಲ್ಲ, ಕೈಯಿಂದ ಪರೀಕ್ಷಿಸಬೇಕು. ಆಗ ಯಂತ್ರ ಎದ್ದಿತೆಂದರೆ ದೋಷ ಎಲ್ಲಿತ್ತೆಂಬುದು ನಿರ್ಣಯವಾಯಿತು. ತೆಗೆದ ವಸ್ತುಗಳನ್ನು ಒಂದೊಂದಾಗಿ ಜೋಡಿಸಿ, ಪ್ರತಿ ಬಾರಿಯೂ ಆರಿಸಿ ಹೊತ್ತಿಸಿದರೆ ಅಪರಾಧಿ ಯಾವುದೆಂದು ತಿಳಿಯುತ್ತದೆ. ಕಿಂಡಿಯೊಳಗಿನ ಲೋಹದ ನಾಲಗೆ ಬಾಗಿ ಒಂದಕ್ಕೊಂದು ತಾಗಿದ್ದರೆ, ವಿದ್ಯುತ್ತು ಮಿತಿಮೀರಿ ಹರಿಯುತ್ತಿದೆಯೆಂಬ ಎಚ್ಚರಿಕೆ ನೀಡಿ ಕೆಲವು ಯಂತ್ರಗಳು ತಾವೇ ಆರಿಹೋಗುತ್ತವೆ. ಆ ಕಿಂಡಿಯನ್ನು ಬಳಸಲಾಗದು.

ಶಾಶ್ವತ ಪರಿಹಾರವು ಅನುಕ್ರಮವನ್ನು ತಿದ್ದುವುದರಲ್ಲಿದೆ. ಹೊತ್ತಿಸಿದ ಕೂಡಲೆ ಎಫ್-2 ಅಥವಾ ಡಿಲೀಟ್ ಕೀಲಿಯನ್ನು ಮೇಲಿಂದ ಮೇಲೆ ಒತ್ತಿದರೆ (ಕೀಲಿಯು ಕಂಪನಿಯಿಂದ ಕಂಪನಿಗೆ ಬೇರೆ) ಬಯಾಸಿನ ಪುಟ ತೆರೆಯುತ್ತದೆ. ಅಲ್ಲಿ ‘ಬೂಟ್’ ಎಂಬ ವಿಭಾಗದಲ್ಲಿ ಹಾರ್ಡ್ ಡಿಸ್ಕನ್ನು, ಹೊಸ ಯಂತ್ರವಾದರೆ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬುದನ್ನು, ಮೊದಲ ಸ್ಥಾನಕ್ಕೆ ತಂದು ಉಳಿಸಿ ಹೊರಬರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಹಳೆಯ ಬಯಾಸುಗಳು ಪೆನ್‌ಡ್ರೈವನ್ನೂ ಹಾರ್ಡ್ ಡಿಸ್ಕಿನ ವರ್ಗಕ್ಕೇ ಸೇರಿಸಿಬಿಡುತ್ತವೆ. ಅಂಥಲ್ಲಿ ‘ಹಾರ್ಡ್ ಡಿಸ್ಕ್’ ಮೊದಲಿದ್ದರೂ ಆ ವರ್ಗದೊಳಗಿನ ಇನ್ನೊಂದು ಪಟ್ಟಿಯಲ್ಲಿ ಪೆನ್‌ಡ್ರೈವೇ ಅಗ್ರಸ್ಥಾನದಲ್ಲಿರಬಹುದು, ಅದನ್ನೂ ತಿದ್ದಬೇಕು.

ತಿದ್ದಿದ ಅನುಕ್ರಮವು ಕೆಲವು ದಿನಗಳಲ್ಲಿ ಮತ್ತೆ ಮೊದಲಿನಂತಾದರೆ ಗಡಿಯಾರವನ್ನು ನೋಡಿರಿ. ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಮೇಲಿರುವ 3 ವೋಲ್ಟಿನ ನಾಣ್ಯಾಕಾರದ ಸೆಲ್ಲು ಬರಿದಾಗಿದೆ. ಸಾಮಾನ್ಯವಾಗಿ ಅದು ಸಿಆರ್ 2032 ಎಂಬ ಜಾತಿಯದು. ಅದನ್ನು ಬದಲಿಸಿ, ಅನುಕ್ರಮವನ್ನು ಇನ್ನೊಮ್ಮೆ ತಿದ್ದಿದರೆ ಸರಿಹೋಗುತ್ತದೆ.

ಎಲ್ಲವನ್ನೂ ತೆಗೆದ ಮೇಲೆಯೂ ಯಂತ್ರ ಏಳದಿದ್ದರೆ ಹಾರ್ಡ್ ಡಿಸ್ಕನ್ನು ಶಂಕಿಸಬೇಕು. ಆಗಲೂ ಫಾರ್ಮ್ಯಾಟಿಗೆ ಒಪ್ಪುವ ಮುನ್ನ ಕಡತಗಳನ್ನು ಹೊರತೆಗೆಯಲು ಹೇಳಿರಿ. ನಾವು ಡೆಸ್ಕ್‌ಟಾಪಿನಲ್ಲಿಯೂ ಡಾಕ್ಯುಮೆಂಟ್ಸಿನಲ್ಲಿಯೂ ಇಡುವುದೆಲ್ಲ ಸಾಮಾನ್ಯವಾಗಿ ವಿಂಡೋಸ್ ಇರುವ ‘ಸಿ’ ವಿಭಾಗದಲ್ಲಿಯೇ ಇದ್ದು, ಫಾರ್ಮ್ಯಾಟಿನಲ್ಲಿ ಅದರೊಡನೆಯೇ ಹೋಗುತ್ತದೆ. ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ನಕಲು ಮಾಡಬಹುದು. ಅಥವಾ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿ ನಕಲು ಮಾಡಬಹುದು. ಪೆನ್‌ಡ್ರೈವಿನ ಬಾಗಿಲನ್ನೂ ತಟ್ಟುವ ಏರ್ಪಾಡು ಇರುವುದು ಇಂತಹ ಆಪತ್ಕಾಲಕ್ಕಾಗಿಯೇ.

ನನ್ನ ಟಿಪ್ಪಣಿಗಳ ಪ್ರತಿಯೊಂದು ಈಗ ಬೇರೊಂದು ಡಿಸ್ಕಿನಲ್ಲಿದೆ. ಕಛೇರಿಯ ಪೆನ್‌ಡ್ರೈವಿಗೆ ಮೊಳದುದ್ದದ ಕೆಂಪು ದಾರವನ್ನು ಕಟ್ಟಿದ್ದೇವೆ; ಹಿಂಬದಿಯಲ್ಲಿ ಸಿಕ್ಕಿಸಿದರೂ ಅದರ ತುದಿ ಮೇಜಿನ ಮುಂದೆ ಕಾಣುತ್ತಿರುತ್ತದೆ.