ಗೋಡೆ ಒಡೆಯುವ ಮೊದಲು ಟೇಪು ಹಿಡಿಯೋಣ



ಈ ತಿಂಗಳ ಪಾಠ ಉಳಿತಾಯದ ಬಗ್ಗೆ ಅಲ್ಲ, ಜಾಗದ ಬಗ್ಗೆ. ನಮ್ಮ ಕರಾವಳಿ, ಮಲೆನಾಡಿನ ಹಳೆಯ ಹೆಂಚಿನ ಮನೆಗಳಲ್ಲಿ ಚಾವಡಿಯಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ ಹೋಗಲು ಒಂದು ಉದ್ದನೆಯ ಓಣಿ ಇರುತ್ತದೆ. ಈಗ ಎಲ್ಲರೂ ಅದನ್ನು ಪ್ಯಾಸೇಜು ಅಂತಾರೆ. ಕಪಾಟು, ಅಕ್ಕಿ ಡ್ರಮ್ಮು, ಹೊಲಿಗೆ ಮಿಷನ್ನು, ತೆಂಗಿನಕಾಯಿ ರಾಶಿ, ಹೀಗೆ ಎಲ್ಲೂ ಜಾಗ ಸಿಗದ ಸಾಮಾನೆಲ್ಲ ಕೊನೆಗೆ ಅಲ್ಲಿಗೇ ಬರುತ್ತದೆ. ನಡೆಯಬೇಕಾದ ನಾವು ಮಾತ್ರ ಅಡ್ಡ ತಿರುಗಿ ಹೋಗುತ್ತೇವೆ.

ಒಂದು ಮನೆಯ ಕಥೆ

ನಮ್ಮ ಒಂದು ಸಂಘದ ಸದಸ್ಯೆ ಮನೆ ರಿಪೇರಿಗೆ ಸಾಲ ಕೇಳಿದರು. "ಸಿಸ್ಟರ್, ಓಣಿಯ ಗೋಡೆ ಒಡೀಲೇಬೇಕು. ಮೇಸ್ತ್ರಿ 60,000 ಆಗ್ತದೆ ಅಂದಿದ್ದಾನೆ" ಎಂದರು. ಅವರ ಅತ್ತೆ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವಾಕರ್ ಹಿಡಿದು ಮನೆಗೆ ಬಂದಿದ್ದರು. ವಾಕರ್ ಓಣಿಯಲ್ಲಿ ಹೋಗುತ್ತಿರಲಿಲ್ಲ.

ನಾನು ಮನೆಗೆ ಹೋದೆ. ಅಜ್ಜಿ ಚಾವಡಿಯ ಮಂಚದಲ್ಲಿ ಕೂತಿದ್ದರು, ತುಟಿ ಒಣಗಿತ್ತು. ನೀರು ಕೊಟ್ಟರೆ ಬೇಡ ಅಂದರು. ಯಾಕೆ ಎಂದು ಕೇಳಿದಾಗ ಸಣ್ಣ ದನಿಯಲ್ಲಿ ಹೇಳಿದರು, "ನೀರು ಕುಡಿದ್ರೆ ಬಚ್ಚಲಿಗೆ ಹೋಗ್ಬೇಕಲ್ಲ ಸಿಸ್ಟರ್. ಪ್ರತಿ ಸಲ ಸೊಸೆ ಎತ್ತಿಕೊಂಡು ಹೋಗ್ಬೇಕು. ಅವಳಿಗೂ ಬೆನ್ನು ನೋವು."

ಸಹೋದರಿಯರೇ, ನೀರು ಕಡಿಮೆ ಕುಡಿದರೆ ವಯಸ್ಸಾದವರಿಗೆ ಉರಿಮೂತ್ರ, ಮಲಬದ್ಧತೆ, ತಲೆ ಸುತ್ತು ಬರಬಹುದು. ತಲೆ ಸುತ್ತಿದರೆ ಮತ್ತೆ ಬೀಳುತ್ತಾರೆ. ಓಣಿ ಇಕ್ಕಟ್ಟಾಗಿರುವುದು ಚಂದದ ವಿಷಯವಲ್ಲ, ಆರೋಗ್ಯದ ವಿಷಯ ಎಂದು ನನಗೆ ಅರ್ಥವಾದದ್ದು ಅಂದೇ.

ಹೊಲಿಗೆಯ ಟೇಪು ತರಿಸಿ ಅಳೆದೆವು. ಗೋಡೆಯಿಂದ ಗೋಡೆಗೆ 39 ಇಂಚು. ಕಪಾಟಿನ ಆಳ 18 ಇಂಚು. ಉಳಿದದ್ದು 21 ಇಂಚು. ವಾಕರಿನ ಅಗಲ 22 ಇಂಚು. ಕಡಿಮೆ ಬಿದ್ದದ್ದು ಒಂದೇ ಇಂಚು!

ಕಪಾಟಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಅಟ್ಟಿ ಇತ್ತು. ಅದು ಸಂಘದ್ದು. "ಸದ್ಯಕ್ಕೆ ನಿಮ್ಮಲ್ಲೇ ಇರಲಿ" ಎಂದು ಎರಡು ವರ್ಷದ ಹಿಂದೆ ಹೇಳಿದವಳು ನಾನೇ. ಆ ದಿನ ನಾಚಿಕೆಯಾಯಿತು.

ಹಂತ 1: ಅಳೆಯಿರಿ

ಓಣಿಯ ಅಗಲ ಎಂದರೆ ಅದರಲ್ಲಿ ಅತ್ಯಂತ ಕಿರಿದಾದ ಜಾಗದ ಅಗಲ. ಕಪಾಟು ಇರುವಲ್ಲಿ, ಬಾಗಿಲು ತೆರೆಯುವಲ್ಲಿ, ತಿರುವಿನಲ್ಲಿ, ಹೀಗೆ ಮೂರು ಕಡೆ ಅಳೆಯಿರಿ. ಕೊಡ ಹೊತ್ತು ಅಥವಾ ವಾಕರ್ ಹಿಡಿದು ಆರಾಮಾಗಿ ನಡೆಯಲು ಎರಡೂವರೆ ಅಡಿಗೆ ಕಡಿಮೆ ಇರಬಾರದು. ಗಾಲಿಕುರ್ಚಿಗೆ 3 ಅಡಿ ಬೇಕು. ಅದು ಪೂರ್ತಿ ತಿರುಗಲು 5 ಅಡಿ ಜಾಗ ಬೇಕು, ಆದ್ದರಿಂದ ತಿರುಗುವ ಕೆಲಸವನ್ನು ಚಾವಡಿಯಲ್ಲೇ ಮಾಡಬೇಕು.

ಹಂತ 2: ತೆಗೆಯಿರಿ

ಸಾಮಾನನ್ನು ಮೂರು ಪಾಲು ಮಾಡಿ: ದಿನವೂ ಬೇಕಾದದ್ದು, ವರ್ಷಕ್ಕೊಮ್ಮೆ ಬೇಕಾದದ್ದು, ಯಾವತ್ತೂ ಬೇಡವಾದದ್ದು. ಮೂರನೆಯದು ಗುಜರಿಗೆ. ಎರಡನೆಯದು ಅಟ್ಟಕ್ಕೆ. ಆದರೆ ಅಟ್ಟದ ಮರವನ್ನು ಮೊದಲು ಮೊಳೆಯಿಂದ ಚುಚ್ಚಿ ನೋಡಿ. ಮೊಳೆ ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿರಬಹುದು, ಅಲ್ಲಿ ಭಾರ ಇಡಬೇಡಿ.

ಒಂದು ಮಾತು ನೆನಪಿಡಿ. ಹಿರಿಯರ ಪೆಟ್ಟಿಗೆಯನ್ನು ಅವರನ್ನು ಕೇಳದೆ ಮುಟ್ಟಬಾರದು. ಆ ಓಣಿಯಲ್ಲೂ ಒಂದು ಮರದ ಪೆಟ್ಟಿಗೆ ಇತ್ತು. ಅದರಲ್ಲಿ ತೀರಿಹೋದ ಅಜ್ಜನ ಬಟ್ಟೆಗಳಿದ್ದವು. ಅಜ್ಜಿಯ ಎದುರೇ ತೆರೆದೆವು. ಒಂದು ಶಾಲು ಮಡಿಲಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಯಾರಿಗಾದರೂ ಕೊಡಿ ಅಂದರು. ಪೆಟ್ಟಿಗೆ ಅವರ ಮಂಚದ ಕೆಳಗೆ ಹೋಯಿತು.

ಹಂತ 3: ಗೋಡೆಯನ್ನು ಬಳಸಿ, ಒಡೆಯಬೇಡಿ

ಹಳೆಯ ಮಣ್ಣಿನ ಗೋಡೆ, ಮುರಕಲ್ಲಿನ ಗೋಡೆ ಮಾಡಿನ ಭಾರ ಹೊತ್ತು ನಿಂತಿರುತ್ತದೆ. ಅದರಲ್ಲಿ ಕಂಬಿಯೂ ಇಲ್ಲ, ಕಾಂಕ್ರೀಟಿನ ಕಂಬವೂ ಇಲ್ಲ. ಒಂದು ಕಡೆ ಒಡೆದರೆ ಮಾಡು ಕೂರಬಹುದು. ಒಡೆಯಲೇಬೇಕಾದರೆ ಇಂಜಿನಿಯರ್ ಬಂದು ನೋಡಲಿ, ಮೇಸ್ತ್ರಿಯ ಬಾಯಿಮಾತು ಸಾಲದು.

ಇಂಥ ಗೋಡೆಗಳಲ್ಲಿ ಹಿಂದಿನವರು ದೀಪ ಇಡಲು ಮಾಡಿದ ಗೂಡುಗಳಿರುತ್ತವೆ. ಔಷಧಿ, ಟಾರ್ಚು, ಜಪಮಾಲೆಗೆ ಅವು ಸಾಕು. ಕೊಡೆ, ಚೀಲ ತೂಗುಹಾಕಲು ಕೊಕ್ಕೆ ಹೊಡೆಯುವುದಾದರೆ ಮರದ ಗೂಟ ಕೂರಿಸಿ ಹೊಡೆಯಿರಿ, ಮಣ್ಣಿನಲ್ಲಿ ಬರೀ ಮೊಳೆ ನಿಲ್ಲುವುದಿಲ್ಲ. ಹಲಗೆ ಹಾಕುವುದಾದರೆ ತಲೆಗಿಂತ ಮೇಲೆ ಹಾಕಿ.

ಹಂತ 4: ಬಾಗಿಲು ನೋಡಿ

ಓಣಿಗೆ ತೆರೆಯುವ ಕೋಣೆಯ ಬಾಗಿಲು ತೆರೆದಾಗಲೆಲ್ಲ ದಾರಿ ಮುಚ್ಚುತ್ತದೆ. ಬಡಗಿಯನ್ನು ಕರೆದು ಅದು ಕೋಣೆಯ ಒಳಗೆ ತೆರೆಯುವಂತೆ ತಿರುಗಿಸಬಹುದು, ಅಥವಾ ಬಾಗಿಲು ತೆಗೆದು ಪರದೆ ಹಾಕಬಹುದು. ಬಚ್ಚಲಿನ ಬಾಗಿಲು ಮಾತ್ರ ಹೊರಗೇ ತೆರೆಯಲಿ. ಒಳಗೆ ಯಾರಾದರೂ ಬಾಗಿಲಿಗೆ ಅಡ್ಡವಾಗಿ ಬಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ.

ಹಂತ 5: ಬೆಳಕು ತನ್ನಿ

ಕತ್ತಲೆಯ ಓಣಿ ಇರುವುದಕ್ಕಿಂತ ಇಕ್ಕಟ್ಟಾಗಿ ಕಾಣುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚಿನ ಮಾಡಿಗೆ ಒಂದು ಅನುಕೂಲ ಇದೆ: ಒಂದು ಹೆಂಚು ತೆಗೆದು ಅದೇ ಅಳತೆಯ ಗಾಜಿನ ಹೆಂಚು ಇಟ್ಟರೆ ಹಗಲಿಡೀ ಬೆಳಕು, ಕರೆಂಟು ಬೇಡ. ಗೋಡೆಗೆ ಬಿಳಿ ಸುಣ್ಣ ಬಳಿಯಿರಿ. ರಾತ್ರಿಗೆ ಅರ್ಧ ವ್ಯಾಟಿನ ಎಲ್‌ಇಡಿ ದೀಪ ಸಾಕು. ದಿನಕ್ಕೆ 10 ಗಂಟೆ ಉರಿದರೂ ತಿಂಗಳಿಗೆ 0.15 ಯೂನಿಟ್. ನೆಲದಲ್ಲಿ ಜಾರುವ ಮ್ಯಾಟು, ಹಳೆಯ ಸೀರೆಯ ಕಾಲೊರಸು ಬೇಡ.

ಎಚ್ಚರಿಕೆ: ಗ್ಯಾಸ್ ಸಿಲಿಂಡರನ್ನು ಓಣಿಯಲ್ಲಿ ಇಡಬೇಡಿ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಅಪಾಯ ಬಂದಾಗ ಮನೆಯವರೆಲ್ಲ ಹೊರಗೆ ಓಡಬೇಕಾದ ದಾರಿಯೂ ಅದೇ.

ಕೊನೆಗೆ ಏನಾಯಿತು?

ಕೋಣೆಯ ಮುರಿದ ಮಂಚ ಗುಜರಿಗೆ ಹೋಯಿತು, ಅದರ ಜಾಗಕ್ಕೆ ಕಪಾಟು ಬಂತು. ಸಂಘದ ಕುರ್ಚಿಗಳನ್ನು ಸದಸ್ಯೆಯರು ತಲಾ ಎರಡರಂತೆ ತಮ್ಮ ಮನೆಗೆ ಒಯ್ದರು, ಸಭೆಗೆ ಬರುವಾಗ ಹೊತ್ತು ತರುತ್ತಾರೆ. ಎರಡು ಗಾಜಿನ ಹೆಂಚು, ಬಡಗಿಯ ಕೂಲಿ, ಕೈ ಹಿಡಿಯಲು ಗೋಡೆಗೊಂದು ಪೈಪು, ಎಲ್ಲ ಸೇರಿ ಖರ್ಚು 4,200 ರೂಪಾಯಿ. ಸಾಲ ಬೇಕಾಗಲೇ ಇಲ್ಲ. ಮುಂದಿನ ಸಲ ಹೋದಾಗ ಅಜ್ಜಿ ತಾವೇ ಓಣಿಯಲ್ಲಿ ನಡೆದು ಬಂದು, "ಬಾಯಾರಿಕೆಗೆ ಏನು ಕೊಡ್ಲಿ ಸಿಸ್ಟರ್?" ಎಂದರು. ಇಬ್ಬರೂ ಒಂದೊಂದು ಲೋಟ ನೀರು ಕುಡಿದೆವು.

ಸುವಾರ್ತೆಯಲ್ಲಿ ಬರುವ ಇಕ್ಕಟ್ಟಿನ ದಾರಿ ನಮ್ಮ ಆತ್ಮಕ್ಕೆ ಹೇಳಿದ್ದು, ಅತ್ತೆಯ ವಾಕರಿಗೆ ಹೇಳಿದ್ದಲ್ಲ!

ಸಂಘದಲ್ಲಿ ಚರ್ಚಿಸಿರಿ

1. ನಮ್ಮ ಮನೆಯ ಓಣಿ ಅತ್ಯಂತ ಕಿರಿದಾದಲ್ಲಿ ಎಷ್ಟು ಇಂಚು ಇದೆ? ಅಳೆದು ಬಂದು ಹೇಳಿ.
2. ನಮ್ಮ ಮನೆಯಲ್ಲಿ ಯಾರಾದರೂ ಹೇಳಿಕೊಳ್ಳದೆ ನೀರು, ಊಟ ಕಡಿಮೆ ಮಾಡಿದ್ದಾರೆಯೇ? ಯಾಕೆ?
3. ಸಂಘದ ಸಾಮಾನು ಒಬ್ಬರ ಮನೆಗೇ ಹೊರೆಯಾಗಿದೆಯೇ?

ಈ ತಿಂಗಳ ನಿರ್ಧಾರ: ಮನೆ ರಿಪೇರಿ ಸಾಲದ ಅರ್ಜಿ ಬಂದರೆ, ಇಬ್ಬರು ಸದಸ್ಯೆಯರು ಟೇಪು ಹಿಡಿದು ಆ ಮನೆಗೆ ಹೋಗಿ ಬರಬೇಕು. ಇದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.