ಗೆಳೆಯನ ಕನಸಿಗೆ ಮುಯ್ಯಾಳು

ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಗೆಳೆಯನೊಬ್ಬ ಬಂದು, ನಾಟಕ ಬರೆಯುತ್ತಿದ್ದೇನೆ, ಸಿನಿಮಾ ಮಾಡಬೇಕೆಂದಿದ್ದೇನೆ, ಪುಸ್ತಕ ತರಬೇಕು ಎಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, ‘ಮಾಡು ಮಾರಾಯ, ಒಳ್ಳೆಯದಾಗಲಿ.’ ಇನ್ನೊಂದು, ‘ಮೊದಲು ತೋಟ ನೋಡಿಕೋ, ಆಮೇಲೆ ಅದೆಲ್ಲ.’ ಹರಸಿದವನೂ ಬುದ್ಧಿ ಹೇಳಿದವನೂ ಎದ್ದು ಮನೆಗೆ ಹೋಗುತ್ತಾರೆ. ಗೆಳೆಯ ಮೊದಲಿದ್ದಲ್ಲೇ ಒಬ್ಬನೇ ಉಳಿಯುತ್ತಾನೆ. ಜಾವಳಿ, ಕೊಟ್ಟಿಗೆಹಾರ, ಮೂಡಿಗೆರೆ, ಕಳಸದ ಈ ಗುಡ್ಡಗಳ ನಡುವೆ ಬದುಕಿ ನಾನು ಕಂಡುಕೊಂಡದ್ದು ಇಷ್ಟು: ಕಷ್ಟದಲ್ಲಿರುವವನ ಕನಸು ನಿಜವಾಗುವುದು ಯಾರಾದರೂ ಅದರ ಒಂದು ಗೊತ್ತಾದ ಕೆಲಸವನ್ನು ತಮ್ಮ ಹೆಗಲಿಗೆ ಹಾಕಿಕೊಂಡಾಗ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗದ್ದೆ ನಾಟಿಯ ಕಾಲಕ್ಕೆ ಮಲೆನಾಡಿನಲ್ಲಿ ಮುಯ್ಯಾಳು ನಡೆಯುತ್ತಿತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಡಿದ್ದು ನಮ್ಮ ಗದ್ದೆಗೆ ನೀವು. ಅದು ದಾನವೂ ಆಗಿರಲಿಲ್ಲ, ಕೂಲಿಯೂ ಆಗಿರಲಿಲ್ಲ. ಯಾರು ಎಷ್ಟು ದಿನ ಬಗ್ಗಿ ನೆಟ್ಟರು ಎಂಬುದು ಎರಡೂ ಮನೆಯವರಿಗೆ ನೆನಪಿರುತ್ತಿತ್ತು. ಗದ್ದೆ ಮಾತ್ರ ಅದರ ಒಡೆಯನದಾಗಿಯೇ ಉಳಿಯುತ್ತಿತ್ತು. ಕಲೆಯ ಕನಸಿಗೂ ಬೇಕಾದದ್ದು ಈ ಬಗೆಯ ನೆರವೇ ಎಂಬುದು ನನ್ನ ವಾದ.

ಇಲ್ಲಿನ ಕಷ್ಟದ ಬಗೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಜಾವಳಿ ಹೇಮಾವತಿ ಹುಟ್ಟುವ ಊರು. ನೀರಿಗೆ ಬರವಿಲ್ಲದ ಈ ಸೀಮೆಯಲ್ಲಿ ಕಷ್ಟ ಬರುವುದೂ ನೀರಿನಿಂದಲೇ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿದವು. ಮಲೆಮನೆಯಂಥ ಊರಿನಲ್ಲಿ ಮನೆ ಮಠ ಕಳೆದುಕೊಂಡವರು ಬದುಕನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಅಂಥ ದುರಂತ ಇಲ್ಲದ ವರ್ಷವೂ ಕಾಫಿ ಅರಳಿಸುವ ಹೂಮಳೆ ತಪ್ಪಿದರೆ ಫಸಲಿಲ್ಲ, ಮಳೆ ಹೆಚ್ಚಾದರೆ ಕೊಳೆರೋಗ, ಅರೇಬಿಕಾಕ್ಕೆ ಕಾಂಡಕೊರಕ, ಕೊಯ್ದ ಹಣ್ಣು ಕಣದಲ್ಲಿರುವಾಗ ಅಕಾಲದ ಮೋಡ. 2000ದ ಆಚೀಚೆ ಕಾಫಿ ಬೆಲೆ ನೆಲಕಚ್ಚಿದಾಗ ಸಣ್ಣ ಬೆಳೆಗಾರರು ಮಾಡಿದ ಸಾಲವನ್ನು ಅವರ ಮಕ್ಕಳು ತೀರಿಸಿದರು. ಇಂಥಲ್ಲಿ ಚಿತ್ರ ಬರೆಯುವವನಿಗೆ, ಕತೆ ಕಟ್ಟುವವಳಿಗೆ ಮೊದಲು ಕೈಬಿಡುವುದು ಹಣವಲ್ಲ, ಹೊತ್ತು. ತೋಟದ ಚಿಗುರು ತೆಗೆಸಬೇಕು, ಕಳೆ ಹೊಡೆಸಬೇಕು, ಬ್ಯಾಂಕಿಗೆ ಅಲೆಯಬೇಕು, ಆಸ್ಪತ್ರೆಗೆ ಮಂಗಳೂರಿಗೋ ಹಾಸನಕ್ಕೋ ಓಡಬೇಕು. ಇದೆಲ್ಲ ಮುಗಿದ ಮೇಲೆ ಉಳಿಯುವುದು ದಣಿದ ಮೈ. ಹಾಗಾಗಿ ಗೆಳೆಯನ ಕೈಗೆ ಐದು ಸಾವಿರ ಕೊಡುವವನಿಗಿಂತ, ನಿನ್ನ ತೋಟದ ಚಿಗುರು ಕೆಲಸ ಈ ಸಲ ನಾನು ನೋಡಿಕೊಳ್ಳುತ್ತೇನೆ, ನೀನು ಹಸ್ತಪ್ರತಿ ಮುಗಿಸು ಎನ್ನುವವನು ದೊಡ್ಡ ಉಪಕಾರಿ ಎಂದು ನಾನು ನಂಬಿದ್ದೇನೆ.

ಈ ನಂಬಿಕೆಗೆ ಆಧಾರವನ್ನು ದೂರ ಹುಡುಕಬೇಕಿಲ್ಲ. ನಮ್ಮ ಜಿಲ್ಲೆಯ ಶೃಂಗೇರಿಯ ಬಳಿ ವೈಕುಂಠಪುರ ಎಂಬ ಊರಿದೆ. ‘ಸಂಸ್ಕಾರ’ ಚಿತ್ರೀಕರಣವಾದದ್ದು ಅಲ್ಲಿ. 1965ರಲ್ಲಿ ಬಂದ ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ಸಿನಿಮಾ ಮಾಡಿದರು. ಹಾಡಿಲ್ಲ, ಕುಣಿತವಿಲ್ಲ, ತಾರೆಗಳಿಲ್ಲ. ಅಂದಿನ ಮಾರುಕಟ್ಟೆಯ ಯಾವ ಲೆಕ್ಕಕ್ಕೂ ಕೂಡಿಬರದ ಚಿತ್ರ ಅದು. ಅದು ಆದದ್ದು ಹೇಗೆಂದು ನೋಡಿದರೆ ಒಬ್ಬೊಬ್ಬ ಸ್ನೇಹಿತ ಒಂದೊಂದು ಕೆಲಸ ಹೊತ್ತದ್ದು ಕಾಣುತ್ತದೆ. ಗಿರೀಶ ಕಾರ್ನಾಡರು ಚಿತ್ರಕತೆ ಬರೆದು ಪ್ರಾಣೇಶಾಚಾರ್ಯರಾದರು. ಕತೆಗಾರ ಪಿ. ಲಂಕೇಶ್ ನಾರಣಪ್ಪನಾದರು. ಪಟ್ಟಾಭಿಯವರ ಪತ್ನಿ ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ಚಿತ್ರಕಾರ ಎಸ್.ಜಿ. ವಾಸುದೇವ್ ಕಲಾ ನಿರ್ದೇಶನಕ್ಕೆ ನಿಂತರು. ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ಕೊಟ್ಟರು. ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ ಹಿಡಿದರು. ಇವರಲ್ಲಿ ಹೆಚ್ಚಿನವರಿಗೆ ಸಿನಿಮಾ ಕಸುಬೇ ಆಗಿರಲಿಲ್ಲ. ತಮಗೆ ಬರುವ ವಿದ್ಯೆಯನ್ನು ಇನ್ನೊಬ್ಬರ ಕನಸಿನ ಒಂದು ಮೂಲೆಗೆ ತಂದು ಹಚ್ಚಿದರು. ಚಿತ್ರ ಮುಗಿದ ಮೇಲೆ ಮದರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಯಿತು. ಆಗಲೂ ಈ ಗುಂಪು ಚದುರಲಿಲ್ಲ. ಕೊನೆಗೆ ಅನುಮತಿ ಸಿಕ್ಕಿ, ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಆ ಚಿನ್ನದ ಪದಕ ಬಂದದ್ದು ಅದೇ ಮೊದಲು. ಪ್ರಶಸ್ತಿಗಿಂತ ನನಗೆ ಮುಖ್ಯವಾಗಿ ಕಾಣುವುದು ತಡೆ ಬಿದ್ದಾಗಿನ ಕಾಲ. ಬರಿಯ ಹರಕೆ ಕೊಟ್ಟವರು ಅಂಥ ಹೊತ್ತಿನಲ್ಲಿ ಅಯ್ಯೋ ಪಾಪ ಎಂದು ಸುಮ್ಮನಾಗಬಹುದು. ಅದರಲ್ಲಿ ತಮ್ಮ ಬೆವರು ಬೆರೆತವರಿಗೆ ಹಾಗೆ ಸುಮ್ಮನಾಗಲು ಬರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತೇಲಿಸಿ ಬಿಡಲಾಗದು. ಅವರೆಲ್ಲ ಓದಿದವರು, ಮದರಾಸು ಬೆಂಗಳೂರುಗಳಲ್ಲಿ ಬಲ್ಲವರಿದ್ದವರು. ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಕಾರ್ನಾಡರಂಥ ಗೆಳೆಯರು ಎಲ್ಲಿಂದ ಸಿಗಬೇಕು ಎನ್ನುತ್ತಾರೆ. ನಿಜ. ಮುಯ್ಯಾಳಿಗೂ ಈ ಕೊರತೆ ಇತ್ತು. ಅದು ಗದ್ದೆ ಇದ್ದವರ ನಡುವಿನ ವ್ಯವಹಾರ. ಗದ್ದೆಯೇ ಇಲ್ಲದವನಿಗೆ ಮುಯ್ಯಿ ಬರಲು ದಾರಿಯಿರಲಿಲ್ಲ. ಆದರೆ ಈ ಮಾತಿಗೆ ಉತ್ತರವೂ ನಮ್ಮ ಮೂಡಿಗೆರೆಯ ಸಾಹಿತ್ಯದಿಂದಲೇ ಹುಟ್ಟಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ‘ಡೇರ್‌ಡೆವಿಲ್ ಮುಸ್ತಫಾ’ ಕತೆಯನ್ನು ಸಿನಿಮಾ ಮಾಡಲು ಶಶಾಂಕ್ ಸೋಗಾಲ್ ಎಂಬ ಹೊಸ ನಿರ್ದೇಶಕ ಹೊರಟಾಗ ಬಂಡವಾಳ ಹಾಕಿದವರು ತೇಜಸ್ವಿಯವರ ಓದುಗರು. ಸುಮಾರು ನೂರು ಮಂದಿ ಪಾಲು ಹಾಕಿ ನಿರ್ಮಾಪಕರಾದರು. ಬಹುಪಾಲು ಹೊಸ ಮುಖಗಳು ತೆರೆಯ ಮೇಲೆ ಬಂದವು. ಕೊರೊನಾದ ಕಾಲ ದಾಟಿ 2023ರ ಮೇ ತಿಂಗಳಲ್ಲಿ ಚಿತ್ರ ಬಿಡುಗಡೆಯಾಯಿತು. ಆ ಹೊತ್ತಿಗೆ ನಟ ಡಾಲಿ ಧನಂಜಯ ಅದನ್ನು ಅರ್ಪಿಸಲು ಮುಂದೆ ಬಂದಿದ್ದರು. ಆಮೇಲೆ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ಕಾಲೇಜೊಂದಕ್ಕೆ ಬಂದು ಸೇರುವ ಮುಸ್ಲಿಂ ಹುಡುಗನೊಬ್ಬನ ಸುತ್ತ ಹುಟ್ಟುವ ಗುಮಾನಿ, ಆಮೇಲೆ ಅದು ಕರಗಿ ಆಗುವ ಸ್ನೇಹ ಆ ಕತೆಯ ವಸ್ತು. ಅಂಥ ಕತೆಯನ್ನು ಒಬ್ಬರಿಗೊಬ್ಬರು ಗುರುತಿಲ್ಲದ ಓದುಗರು ಸೇರಿ ತೆರೆಗೆ ತಂದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ತೇಜಸ್ವಿ 2007ರಲ್ಲೇ ತೀರಿಕೊಂಡಿದ್ದರು. ಪುಸ್ತಕವೊಂದರ ಮೇಲಿನ ಪ್ರೀತಿ ಸಾಕಾಯಿತು, ದೊಡ್ಡವರ ಪರಿಚಯ ಬೇಕಾಗಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 2013ರಲ್ಲಿ, ಪವನ್ ಕುಮಾರ್ ‘ಲೂಸಿಯಾ’ವನ್ನು ನೋಡುಗರ ಹಣದಿಂದಲೇ ಮಾಡಿ ತೋರಿಸಿದ್ದರು.

ಎರಡನೆಯ ಆಕ್ಷೇಪ ಹೊಟ್ಟೆಯದು. ಮನೆಯಲ್ಲಿ ಅಕ್ಕಿ ಇಲ್ಲದಾಗ ಕವಿತೆ ಯಾಕೆ? ನಾನು ಈ ಮಾತನ್ನು ಗೌರವಿಸುತ್ತೇನೆ, ಆದರೆ ಅದರಿಂದ ಎಳೆಯುವ ತೀರ್ಮಾನವನ್ನು ಒಪ್ಪುವುದಿಲ್ಲ. ಅಕ್ಕಿಯ ನೆರವೂ ಕಲೆಯ ನೆರವೂ ಒಂದರ ಬಾಯಿಗೆ ಇನ್ನೊಂದು ಬೀಳಬೇಕಾದವಲ್ಲ. ಘಟ್ಟದ ಕೆಳಗಿನ ಉಡುಪಿಯಲ್ಲಿ 1975ರಲ್ಲಿ ಶುರುವಾದ ಯಕ್ಷಗಾನ ಕಲಾರಂಗ ಮಾಡುತ್ತಿರುವ ಕೆಲಸ ನೋಡಿ. ವೃತ್ತಿ ಕಲಾವಿದರಿಗೆ ಮನೆ ಕಟ್ಟಿಸಿಕೊಡುವುದು, ಕಾಯಿಲೆ ಕಸಾಲೆಗೆ ಒದಗುವುದು ಅದರ ಕೆಲಸದಲ್ಲಿ ಸೇರಿದೆ. ಮೇಳಗಳ ತಿರುಗಾಟ ನವೆಂಬರಿನಿಂದ ಮೇ ತನಕ. ಮಳೆಗಾಲದಲ್ಲಿ ವೇಷಧಾರಿಯ ಸಂಪಾದನೆ ಇಳಿಯುತ್ತದೆ. ಮನೆಯ ಮಾಡು ಸೋರದಿದ್ದರೆ ಅವನು ಮುಂದಿನ ತಿರುಗಾಟಕ್ಕೆ ಗೆಜ್ಜೆ ಕಟ್ಟುತ್ತಾನೆ, ಇಲ್ಲವಾದರೆ ಹೋಟೆಲ್ ಕೆಲಸಕ್ಕೆ ಮುಂಬಯಿಗೆ ಹೋಗುತ್ತಾನೆ. ಮನೆ ಕಟ್ಟಿಸಿದ್ದು ಹೊಟ್ಟೆಗೆ ಕೊಟ್ಟ ನೆರವೋ ಕಲೆಗೆ ಕೊಟ್ಟದ್ದೋ ಎಂದು ಬೇರ್ಪಡಿಸಲು ಬರುವುದಿಲ್ಲ. ಇನ್ನೊಂದು ಮಾತೂ ಇದೆ. ಗುಡ್ಡ ಜಾರಿ ಎಲ್ಲ ಕಳೆದುಕೊಂಡವನಿಗೆ ಪರಿಹಾರದ ಕಿಟ್ ಕೊಡುವಾಗ ನಾವು ಅವನನ್ನು ಪಡೆಯುವವನ ಜಾಗದಲ್ಲಿ ನಿಲ್ಲಿಸುತ್ತೇವೆ. ಅವನ ಹಾಡಿಗೆ ತಾಳ ಹಾಕುವಾಗ ಅವನು ಕೊಡುವವನ ಜಾಗಕ್ಕೆ ಬರುತ್ತಾನೆ. ಕಷ್ಟಕಾಲದಲ್ಲಿ ಮನುಷ್ಯನಿಗೆ ಎರಡನೆಯದೂ ಬೇಕು, ಬಹಳ ಬೇಕು.

ಹಣದಿಂದ ಸ್ನೇಹ ಕೆಡುತ್ತದೆ ಎನ್ನುವವರಿಗೆ ಹೇಳಬೇಕಾದ್ದು ಸ್ವಲ್ಪವೇ. ಒಬ್ಬನೇ ಗೆಳೆಯ ತನ್ನ ಉಳಿತಾಯವನ್ನೆಲ್ಲ ಸುರಿದರೆ ಕೆಡುವುದು ಸಹಜ. ನೂರು ಜನ ತಮಗೆ ಹೋದರೂ ತಡೆಯುವಷ್ಟನ್ನೇ ಹಾಕಿದರೆ, ಅದನ್ನು ಮೊದಲ ದಿನವೇ ಕಾಗದದಲ್ಲಿ ಬರೆದಿಟ್ಟರೆ ಯಾರ ಮನೆಯೂ ಮುಳುಗುವುದಿಲ್ಲ. ಸಾಲವೋ ಪಾಲೋ ಉಡುಗೊರೆಯೋ ಎಂಬುದನ್ನು ಸಂಕೋಚಕ್ಕೆ ಬಿಟ್ಟು ಮುಂದೆ ಹೋಗಬಾರದು. ಜಿ.ಬಿ. ಜೋಶಿಯವರು ಧಾರವಾಡದಲ್ಲಿ 1933ರಲ್ಲಿ ಮನೋಹರ ಗ್ರಂಥಮಾಲೆ ತೆರೆದಾಗ ಚಂದಾದಾರರನ್ನು ನೆಚ್ಚಿ ನಿಂತರು. ವರ್ಷದ ಚಂದಾ ಕೊಟ್ಟ ಓದುಗನಿಗೆ ವರ್ಷದ ಪುಸ್ತಕಗಳು. ಕೊಟ್ಟವನಿಗೂ ಪಡೆದವನಿಗೂ ಲೆಕ್ಕ ಸ್ಪಷ್ಟ, ಉಪಕಾರದ ಭಾರ ಯಾರ ಮೇಲೂ ಇಲ್ಲ.

ಆ ಗ್ರಂಥಮಾಲೆಯ ಅಟ್ಟವನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಗೆಳೆಯರು ನೆರವಾದರೆ ಕೆಲಸ ಸಡಿಲವಾಗುತ್ತದೆ, ಹೊಗಳಿಕೆಯೇ ವಿಮರ್ಶೆಯಾಗುತ್ತದೆ ಎಂಬ ದೂರಿಗೆ ಅಲ್ಲಿ ಸಮಾಧಾನವಿದೆ. ಧಾರವಾಡದ ಸುಭಾಸ ರಸ್ತೆಯ ಆ ಅಟ್ಟದಲ್ಲಿ ಜೋಶಿ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥವರ ಮುಂದೆ ಬರಹಗಳು ಚರ್ಚೆಗೆ ಬೀಳುತ್ತಿದ್ದವು. ಇಪ್ಪತ್ತರ ಹರೆಯದ ಕಾರ್ನಾಡರ ‘ಯಯಾತಿ’ 1961ರಲ್ಲಿ ಅಚ್ಚಾದದ್ದು ಅಲ್ಲಿಂದ. ಆ ಹುಡುಗನ ನಾಟಕವನ್ನು ನೆಚ್ಚಿದವರೇ ಅದನ್ನು ಓದಿ ತೂಗಬಲ್ಲವರೂ ಆಗಿದ್ದರು. ಕೆಲಸದಲ್ಲಿ ಪಾಲು ಹೊತ್ತ ಗೆಳೆಯನಿಗೆ ಸುಳ್ಳು ಹೊಗಳಲು ಕಾರಣವೇ ಇರುವುದಿಲ್ಲ, ಯಾಕೆಂದರೆ ಕೆಟ್ಟರೆ ಅವನ ದುಡಿಮೆಯೂ ಕೆಡುತ್ತದೆ. ಮೂರನೆಯ ಅಂಕ ಎಳೆದಂತಿದೆ ಎಂದು ಜುಲೈಯಲ್ಲೇ ಹೇಳಬಲ್ಲವನು ಡಿಸೆಂಬರಿನಲ್ಲಿ ಚಪ್ಪಾಳೆ ತಟ್ಟುವವನಿಗಿಂತ ಮೇಲು. ಆದರೆ ಹೇಳಿದ ಮೇಲೆ ತೀರ್ಮಾನ ಬರೆದವನಿಗೇ ಬಿಡಬೇಕು. ಮುಯ್ಯಾಳಿಗೆ ಹೋದವರು ಯಾವ ಭತ್ತ ಬಿತ್ತಬೇಕೆಂದು ಹಟ ಹಿಡಿಯುತ್ತಿರಲಿಲ್ಲ. ಕನಸು ಕಂಡವನಿಗಿಂತ ನೆರವಾದವನೇ ದೊಡ್ಡವನಾಗಿ ಕೂತು, ಕೊನೆಗೆ ಯಾರ ಕೃತಿಯೂ ಅಲ್ಲದ ಏನೋ ಒಂದು ಹೊರಬರುವುದು ಕಲೆಗೆ ಆಗುವ ದೊಡ್ಡ ಹಾನಿ.

ನಿಜವಾದ ಪ್ರತಿಭೆಗೆ ಯಾರ ನೆರವೂ ಬೇಡ, ತೇಜಸ್ವಿ ಕಾಡಿನಲ್ಲಿ ಒಬ್ಬರೇ ಕೂತು ಬರೆಯಲಿಲ್ಲವೇ ಎಂದು ನಮ್ಮ ಊರುಗಳಲ್ಲಿ ಅಭಿಮಾನದಿಂದ ಕೇಳುವವರಿದ್ದಾರೆ. ಅವರ ಪತ್ನಿ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ ಓದಿದವರು ಹಾಗೆ ಕೇಳಲಾರರು. ಎಂ.ಎ. ಮುಗಿಸಿ, ನೌಕರಿಯ ದಾರಿ ಬಿಟ್ಟು ಮೂಡಿಗೆರೆಗೆ ಬಂದು ತೋಟ ಮಾಡಿದ ಆ ಬದುಕಿನಲ್ಲಿ ರಾಜೇಶ್ವರಿಯವರ ದುಡಿಮೆ ಇತ್ತು, ಕಡಿದಾಳು ಶಾಮಣ್ಣನವರಂಥ ಗೆಳೆಯರ ಒಡನಾಟ ಇತ್ತು. ಏಕಾಂತವೂ ಯಾರೋ ಕಾಪಾಡಿಕೊಟ್ಟರೆ ಸಿಗುವಂಥದ್ದು. ಅಡುಗೆ, ಆಳು, ಮಕ್ಕಳು, ಲೆಕ್ಕಪತ್ರ ಇವನ್ನು ನೋಡಿಕೊಂಡವರ ಹೆಸರು ಪುಸ್ತಕದ ಮುಖಪುಟದ ಮೇಲೆ ಬರುವುದಿಲ್ಲ. ನಮ್ಮಲ್ಲಿ ಈ ಭಾರ ಹೆಚ್ಚಾಗಿ ಹೆಂಗಸರ ಮೇಲೆ ಬಿದ್ದಿದೆ. ಹೆಂಗಸೊಬ್ಬಳು ಬರೆಯಲು ಕೂತಾಗ ಅದೇ ಭಾರವನ್ನು ಹೊರಲು ಎಷ್ಟು ಮಂದಿ ಎದ್ದು ಬರುತ್ತಾರೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಉಳಿದದ್ದು ಸೋಲಿನ ಪ್ರಶ್ನೆ. ಇಷ್ಟೆಲ್ಲ ಮಾಡಿ ಪುಸ್ತಕ ಓಡದಿದ್ದರೆ, ನಾಟಕಕ್ಕೆ ಜನ ಬರದಿದ್ದರೆ, ಸಿನಿಮಾ ಒಂದೇ ವಾರಕ್ಕೆ ಕಿತ್ತುಹೋದರೆ? ಮುಯ್ಯಾಳಿನ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಅಂಶ ಇಲ್ಲಿದೆ. ಅಲ್ಲಿ ತೀರಿಸಬೇಕಾದದ್ದು ದುಡಿದ ದಿನಗಳನ್ನು. ನೆಟ್ಟ ಗದ್ದೆ ನೆರೆಯಲ್ಲಿ ಕೊಚ್ಚಿಹೋಯಿತೆಂದು ಯಾರೂ ಮುಯ್ಯಿ ತೀರಿಸದೆ ಇರುತ್ತಿರಲಿಲ್ಲ. ಬಂಪರ್ ಬೆಳೆ ಬಂತೆಂದು ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಗೆಳೆಯನ ಕೃತಿಗೆ ದುಡಿಯುವಾಗಲೂ ಲೆಕ್ಕ ಹೀಗೇ ಇರಬೇಕು. ಗೆದ್ದರೆ ನನಗೇನು ಸಿಗುತ್ತದೆ ಎಂದು ಕೂತವನು ಸೋತಾಗ ಮೊದಲು ಹೊರಡುತ್ತಾನೆ. ದುಡಿದ ದಿನಕ್ಕೆ ದಿನ ಎಂದುಕೊಂಡವನು ಎರಡನೆಯ ಕೃತಿಗೂ ಬರುತ್ತಾನೆ, ಮತ್ತು ಕಲಾವಿದ ಬೆಳೆಯುವುದು ಎರಡನೆಯ, ಮೂರನೆಯ ಕೃತಿಯಲ್ಲಿ. ಇವತ್ತು ಮಲೆನಾಡಿನಲ್ಲಿ ಗದ್ದೆಗಳು ಪಾಳು ಬಿದ್ದಿವೆ, ಇಲ್ಲವೇ ಅಡಿಕೆ, ಕಾಫಿ ಆಗಿವೆ. ಮುಯ್ಯಾಳು ಬಹುಮಟ್ಟಿಗೆ ನಿಂತುಹೋಗಿದೆ. ಸಂಬಳಕ್ಕೆ ಜನ ಸಿಗದ ಒಂದು ಕೆಲಸವಾದರೂ ನಮ್ಮ ನಡುವೆ ಇನ್ನೂ ಇದೆ, ಅದು ಇನ್ನೊಬ್ಬರ ಅರ್ಧ ಆದ ಕೃತಿಯನ್ನು ಮುಗಿಸಲು ಜೊತೆಗೆ ನಿಲ್ಲುವುದು.

ಜೂನ್ ಬಂದರೆ ಇಲ್ಲಿ ಮಳೆ ಹಿಡಿಯುತ್ತದೆ, ಕರೆಂಟು ಹೋಗುತ್ತದೆ, ತೋಟದ ಕೆಲಸ ಬಿಟ್ಟು ಬಿಟ್ಟು ನಡೆಯುತ್ತದೆ. ಓದಲು, ಬರೆಯಲು, ತಾಲೀಮು ಮಾಡಲು ನಮಗಿರುವ ಕಾಲ ಅದೇ. ನಿಮ್ಮ ಊರಿನಲ್ಲೂ ಒಬ್ಬರ ಮನೆಯ ಅಟ್ಟದಲ್ಲಿ ಅರ್ಧ ಬರೆದ ನೋಟ್‌ಬುಕ್ಕೋ ಮುಗಿಯದ ಚಿತ್ರವೋ ಇರುತ್ತದೆ. ಅದು ಲೈನ್ ಮನೆಯೂ ಆಗಿರಬಹುದು, ಅಲ್ಲಿಯೂ ಹೋಗಿ ಕೇಳಿ. ‘ಹೇಗಿದೆ ನಿನ್ನ ಬರಹ’ ಎಂದು ಕೇಳಬೇಡಿ. ‘ಯಾವ ಕೆಲಸ ನನಗೆ ಬಿಡುತ್ತೀಯ, ಎಷ್ಟು ದಿನಕ್ಕೆ’ ಎಂದು ಕೇಳಿ, ಒಪ್ಪಿದ ದಿನಕ್ಕೆ ಸರಿಯಾಗಿ ಹೋಗಿ.