19ನೇ ಗೇಟು ಮತ್ತು ಎರಡನೇ ಕಂಟ್ರೋಲರ್

2024ರ ಆಗಸ್ಟ್ 10ರ ರಾತ್ರಿ ನಮ್ಮ ಹೊಸಪೇಟೆಯ ಟಿಬಿ ಡ್ಯಾಂನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಇರೋದು 33 ಗೇಟು. ಒಂದು ಹೋದರೆ ಏನಾಯ್ತು ಅನ್ನಬಹುದು. ಆದರೆ ಉಳಿದ 32 ಗೇಟುಗಳು ನೀರು ಬಿಡಬಲ್ಲವು, 19ರ ಜಾಗದಲ್ಲಿ ನಿಂತು ನೀರು ತಡೆಯಲಾರವು. ಕೊನೆಗೆ ಅವನ್ನೂ ತೆರೆದು ತುಂಬಿದ ಡ್ಯಾಂನ ನೀರು ಇಳಿಸಬೇಕಾಯಿತು. ಹಂಪಿ, ಕಂಪ್ಲಿ ಕಡೆ ಹೊಳೆದಂಡೆಯವರಿಗೆ ಆತಂಕ, ರೈತರಿಗೆ ಬೆಳೆಯ ಚಿಂತೆ. ಸಂಖ್ಯೆ ಹೆಚ್ಚಿದ್ದರೆ ರಿಡಂಡೆನ್ಸಿ ಅಲ್ಲ. ಅದೇ ಕೆಲಸಕ್ಕೆ ಬದಲಿ ಸಿದ್ಧವಿರಬೇಕು.

ಕಾರ್ಖಾನೆಯಲ್ಲಿ ಆ ಬದಲಿ ಅಂದರೆ ಎರಡನೇ ಪಿಎಲ್‌ಸಿ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಂಥ ಕಡೆ ಬ್ಲಾಸ್ಟ್ ಫರ್ನೇಸ್‌ಗೆ ಹೋಗುವ ಕೂಲಿಂಗ್ ನೀರು ನಿಲ್ಲುವಂತಿಲ್ಲ. ಬೀರುವಿನಲ್ಲಿ ಇಟ್ಟ ಸ್ಪೇರ್ ಸಿಪಿಯು ಕೋಲ್ಡ್ ಸ್ಟ್ಯಾಂಡ್‌ಬೈ. ತಂದು ಹಾಕೋವರೆಗೆ ಪ್ಲಾಂಟ್ ಕಾಯಬೇಕು. (ನಮ್ಮ ಡ್ಯಾಂನಲ್ಲಿ ಬೀರುವೂ ಖಾಲಿ! ನೀರು ತಡೆಯಲು ಇಳಿಸುವ ಉಕ್ಕಿನ ಸ್ಟಾಪ್‌ಲಾಗ್ ತಯಾರಾದದ್ದೇ ಗೇಟು ಹೋದ ಮೇಲೆ.) ಹಾಟ್ ಸ್ಟ್ಯಾಂಡ್‌ಬೈನಲ್ಲಿ ಎರಡು ಸಿಪಿಯುಗಳೂ ಒಂದೇ ಪ್ರೋಗ್ರಾಂ ಇಟ್ಟುಕೊಂಡು ಎಚ್ಚರವಾಗಿರುತ್ತವೆ. ಔಟ್‌ಪುಟ್ ಕೊಡೋದು ಪ್ರೈಮರಿ ಮಾತ್ರ. ಅದು ತನ್ನ ಟೈಮರ್, ಕೌಂಟರ್, ಮೆಮೊರಿ ಬೆಲೆಗಳನ್ನು ಪ್ರತಿ ಸ್ಕ್ಯಾನ್‌ಗೂ ಸಿಂಕ್ ಕೇಬಲ್ ಮೂಲಕ ಇನ್ನೊಂದಕ್ಕೆ ಕಳಿಸುತ್ತಿರುತ್ತದೆ. 60 ಸೆಕೆಂಡಿನ ಟೈಮರ್ 42ಕ್ಕೆ ಬಂದಾಗ ಪ್ರೈಮರಿ ಸತ್ತರೆ, ಸ್ಟ್ಯಾಂಡ್‌ಬೈ 42ರಿಂದಲೇ ಮುಂದುವರಿಸಬೇಕು. ಸೊನ್ನೆಯಿಂದ ಶುರು ಮಾಡಿದರೆ ಕೆಟ್ಟಿತು.

ಸತ್ತದ್ದು ಸಿಪಿಯು ಅಲ್ಲ, ಸಿಂಕ್ ಕೇಬಲ್ ಆದರೆ? ಇಬ್ಬರೂ "ಅವನು ಹೋದ, ಇನ್ನು ನಾನೇ ಯಜಮಾನ" ಅಂದುಕೊಳ್ಳಬಹುದು. ಒಂದು ವಾಲ್ವ್‌ಗೆ ಎರಡು ಆಜ್ಞೆ. ಅದಕ್ಕೇ ಕೇಬಲ್ ಕೂಡ ಎರಡು, ಬೇರೆ ಬೇರೆ ದಾರಿಯಲ್ಲಿ.

ಪರೀಕ್ಷೆಗೆ ನಾವೆಲ್ಲ ಬರೆಯೋ ಲೆಕ್ಕ: ಒಂದೊಂದರ ಅವೈಲಬಿಲಿಟಿ 99% ಆದರೆ ಎರಡೂ ಸೇರಿ 99.99%. ವರ್ಷಕ್ಕೆ 3.65 ದಿನದ ನಿಲುಗಡೆ ಸುಮಾರು 53 ನಿಮಿಷಕ್ಕೆ ಇಳಿಯುತ್ತದೆ. ಆದರೆ ಇದು ನಿಜವಾಗೋದು ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲದಿದ್ದರೆ ಮಾತ್ರ. ಎರಡಕ್ಕೂ ಒಂದೇ ಯುಪಿಎಸ್ ಇದ್ದರೆ ಲೆಕ್ಕ ಅಲ್ಲೇ ಸುಳ್ಳು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟಿನಲ್ಲಿ ದಿಕ್ಕು ತಿಳಿಸುವ ಕಂಪ್ಯೂಟರ್ ಎರಡಿದ್ದವು. ಎರಡರಲ್ಲೂ ಒಂದೇ ಸಾಫ್ಟ್‌ವೇರ್, ಒಂದೇ ತಪ್ಪು. ಎರಡೂ ಒಟ್ಟಿಗೆ ಹೋದವು.

19ನೇ ಗೇಟಿಗೆ ಎರಡಲ್ಲ, ಹತ್ತು ಪಿಎಲ್‌ಸಿ ಹಾಕಿದ್ದರೂ ಅವತ್ತು ಉಪಯೋಗವಿರಲಿಲ್ಲ. ತುಂಡಾದದ್ದು ಚೈನ್. ಹಾಗಾಗಿ ಡ್ರಾಯಿಂಗ್ ನೋಡುವಾಗ ಸೆನ್ಸರ್‌ನಿಂದ ಮೋಟಾರ್‌ವರೆಗೆ ಬೆರಳಿಟ್ಟು ಹೋಗಿ, ಒಂದೇ ಒಂದು ಇರುವ ಜಾಗ ಎಲ್ಲಿ ಅಂತ ಹುಡುಕಬೇಕು.

ಇನ್ನೊಂದು ವಿಷಯ. ಸ್ಟ್ಯಾಂಡ್‌ಬೈ ಯಾವಾಗಲೋ ಕೆಟ್ಟಿದ್ದರೂ ಪ್ಲಾಂಟ್ ಚೆನ್ನಾಗೇ ಓಡ್ತಿರುತ್ತೆ, ಅಲಾರಂ ನೋಡದಿದ್ದರೆ ಗೊತ್ತೇ ಆಗಲ್ಲ. ಆಗಾಗ ಬೇಕಂತಲೇ ಪ್ರೈಮರಿ ಆಫ್ ಮಾಡಿ ನೋಡಬೇಕು. ಲ್ಯಾಬ್‌ನಲ್ಲಿ ಎರಡು ಸಿಪಿಯು ಕಿಟ್ ಸಿಕ್ಕರೆ ಮೊದಲು ಪ್ರೈಮರಿಯ ಪವರ್ ತೆಗೆಯಿರಿ, ಆಮೇಲೆ ಸಿಂಕ್ ಕೇಬಲ್ ಎಳೆಯಿರಿ. ಸರ್‌ಗೆ ಹೇಳಿಯೇ ಎಳೆಯಿರಿ.